ಪರದೆಯಲ್ಲಿ ಎಫ್3 ಮೂಡಿದಾಗ: ಕುಕಿಂಗ್ ರೇಂಜ್‌ನ ಎರರ್ ಕೋಡ್‌ಗಳನ್ನು ಓದುವ, ಅಪಾಯವಿಲ್ಲದೆ ಪರೀಕ್ಷಿಸುವ ಬಗೆ

ಓವನ್ ಬಿಸಿಯಾಗುತ್ತಿರುವಾಗ ಒಮ್ಮೆಲೇ ಬೀಪ್ ಸದ್ದು ಶುರುವಾಗಿ, ಗಂಟೆ ತೋರಿಸಬೇಕಾದ ಜಾಗದಲ್ಲಿ ಎಫ್3 ಎಂದೋ ಇ2 ಎಂದೋ ಮಿನುಗತೊಡಗಿದರೆ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ. ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿ ಸದ್ದಡಗಿಸಿ, ಏನೂ ಆಗಿಲ್ಲವೆಂಬಂತೆ ಅಡುಗೆ ಮುಂದುವರಿಸುತ್ತಾರೆ. ಇಲ್ಲವೇ ಆ ಕೋಡನ್ನು ಮೊಬೈಲ್‌ನಲ್ಲಿ ಹುಡುಕಿ, ಮೊದಲು ಕಣ್ಣಿಗೆ ಬಿದ್ದ ಬಿಡಿಭಾಗವನ್ನು ತರಿಸಿಬಿಡುತ್ತಾರೆ. ನಾನು ಎರಡನ್ನೂ ಮಾಡಿದ್ದೇನೆ. ಎರಡನೆಯದನ್ನು ಮಾಡಿದಾಗ, ಓವನ್ನಿನ ಬಿಸಿ ಅಳೆಯುವ ಹೊಸ ಸೆನ್ಸರ್ ಹಾಕಿದ ಮೂರನೆಯ ದಿನಕ್ಕೆ ಅದೇ ಕೋಡ್ ಮರಳಿ ಬಂತು. ಸೆನ್ಸರ್ ನಿರಪರಾಧಿ. ಓವನ್ನಿನ ಹಿಂಬದಿಯಲ್ಲಿ ಅದರ ತಂತಿಗಳು ಸೇರುವ ಕನೆಕ್ಟರ್ ಬಿಸಿಗೆ ಕರಕಲಾಗಿತ್ತು.

ಕೋಡ್ ಎಂಬುದು ದೂರು, ತೀರ್ಪಲ್ಲ ಎಂಬುದು ಆಗ ನನ್ನ ತಲೆಗೆ ಹೋಯಿತು. ರೇಂಜ್‌ನ ಒಳಗಿರುವ ಕಂಟ್ರೋಲ್ ಬೋರ್ಡ್‌ಗೆ ಕಣ್ಣಿಲ್ಲ. ತನ್ನ ಬಳಿಗೆ ಬಂದು ಸೇರುವ ತಂತಿಗಳ ತುದಿಯಲ್ಲಿ ಎಷ್ಟು ವೋಲ್ಟ್ ಇದೆ, ಎಷ್ಟು ಓಮ್ ರೋಧವಿದೆ, ಯಾವ ಸ್ವಿಚ್ ತೆರೆದಿದೆ, ಯಾವುದು ಮುಚ್ಚಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಆ ಲೆಕ್ಕ ತಾನು ನಿರೀಕ್ಷಿಸಿದ ಮಿತಿಯನ್ನು ದಾಟಿದರೆ ಒಂದು ಸಂಖ್ಯೆಯನ್ನು ಪರದೆಗೆ ಕಳಿಸುತ್ತದೆ. ‘ಸೆನ್ಸರ್ ಕೋಡ್’ ಎಂದರೆ ‘ಸೆನ್ಸರಿನ ಕಡೆಯಿಂದ ಬರುವ ಮಾತು ನನಗೆ ಅರ್ಥವಾಗುತ್ತಿಲ್ಲ’ ಎಂದರ್ಥ. ಸೆನ್ಸರ್ ಕೆಟ್ಟಿರಬಹುದು, ನಡುವಿನ ತಂತಿ ಸುಟ್ಟಿರಬಹುದು, ಕೇಳಿಸಿಕೊಳ್ಳುವ ಬೋರ್ಡ್‌ಗೇ ಕಿವುಡಾಗಿರಬಹುದು. ಈ ಮೂರರಲ್ಲಿ ಯಾವುದೆಂದು ಪತ್ತೆ ಮಾಡುವ ಕೆಲಸ ನಮ್ಮದು.

ಮೊದಲು ಅಪಾಯವಿದೆಯೇ ನೋಡಿ

ಕೋಡಿನ ಅರ್ಥ ಹುಡುಕುವುದಕ್ಕೆ ಮುಂಚೆ ಮೂಗು, ಕಣ್ಣು, ಕಿವಿಗಳನ್ನು ಬಳಸಿ. ಗ್ಯಾಸ್ ವಾಸನೆ ಬರುತ್ತಿದ್ದರೆ ಪರದೆಯ ಮೇಲೆ ಏನಿದೆ ಎಂಬುದು ಆ ಹೊತ್ತಿಗೆ ಮುಖ್ಯವಲ್ಲ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಮನೆಯ ವಿದ್ಯುತ್ ಪೆಟ್ಟಿಗೆಯ ಬ್ರೇಕರ್ (ಎಂಸಿಬಿ) ಕೂಡ ಸ್ವಿಚ್ಚೇ, ಅದರಲ್ಲೂ ಕಿಡಿ ಹಾರುತ್ತದೆ. ಕೈಗೆಟುಕುವ ಜಾಗದಲ್ಲಿದ್ದರೆ ಗ್ಯಾಸ್ ಕವಾಟ ಮುಚ್ಚಿ, ಕಿಟಕಿ ಬಾಗಿಲು ತೆರೆದು ಮನೆಯವರೆಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ. ಫೋನ್ ಮಾಡುವುದು ಹೊರಗೆ ಬಂದ ಮೇಲೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿ ಮೂಲೆಗಳಲ್ಲಿ ನಿಲ್ಲುತ್ತದೆ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಮೇಲಕ್ಕೇರುತ್ತದೆ. ಹಾಗಾಗಿ ‘ಈಗ ವಾಸನೆ ಕಡಿಮೆಯಾಯಿತು’ ಎಂದು ನಿಂತ ಎತ್ತರದಿಂದಲೇ ತೀರ್ಮಾನಿಸಬಾರದು.

ಎರಡನೆಯ ಅಪಾಯ, ಅತಿ ಬಿಸಿ. ಹೆಚ್ಚಿನ ತಯಾರಕರ ಪಟ್ಟಿಯಲ್ಲಿ ‘ಓವನ್ ಮಿತಿ ಮೀರಿ ಕಾದಿದೆ’ ಎನ್ನುವ ಕೋಡ್ ಒಂದು ಇದ್ದೇ ಇರುತ್ತದೆ. ಇದರ ಹಿಂದಿರುವ ಕೆಟ್ಟ ಸಾಧ್ಯತೆಯೆಂದರೆ ಬೋರ್ಡ್‌ನ ಮೇಲಿರುವ ರಿಲೇಯ (ಬೋರ್ಡ್ ತಾನೇ ಹಾಕಿ ಆರಿಸುವ ಸ್ವಿಚ್) ತುದಿಗಳು ಬಿಸಿಗೆ ಬೆಸುಗೆಯಾಗಿ ಅಂಟಿಕೊಂಡಿರುವುದು. ಆಗ ಆಫ್ ಗುಂಡಿ ಒತ್ತಿದರೂ ಪರದೆ ಆರುತ್ತದೆಯೇ ಹೊರತು ಒಳಗಿನ ಕಾಯಿಲ್ ಕಾಯುತ್ತಲೇ ಇರುತ್ತದೆ. ಇಂಥ ಕೋಡ್ ಕಂಡರೆ ಗುಂಡಿಗಳನ್ನು ನಂಬದೆ ನೇರವಾಗಿ ಬ್ರೇಕರ್ ಇಳಿಸಿ. ಗ್ಯಾಸ್ ಓವನ್ ಆದರೆ ಗ್ಯಾಸ್ ಕವಾಟವನ್ನೂ ಮುಚ್ಚಿ. ಬಾಗಿಲು ತೆರೆದು ಇಣುಕುವ ಆಸೆಯನ್ನು ತಡೆದುಕೊಳ್ಳಿ. ಒಳಗೆ ಜಿಡ್ಡು ಹೊತ್ತಿಕೊಂಡಿದ್ದರೆ ಮುಚ್ಚಿದ ಬಾಗಿಲೇ ಬೆಂಕಿಗೆ ಗಾಳಿ ಸಿಗದಂತೆ ಕಾಯುತ್ತಿರುತ್ತದೆ.

ಗಾಜಿನ ಮೇಲ್ಮೈ ಬಿರುಕು ಬಿಟ್ಟಿದ್ದರೆ, ಪ್ಲಗ್ ಅಥವಾ ತಂತಿ ಸುಟ್ಟ ವಾಸನೆ ಬರುತ್ತಿದ್ದರೆ, ಬ್ರೇಕರ್ ಹಾಕಿದೊಡನೆ ಬೀಳುತ್ತಿದ್ದರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ವಿದ್ಯುತ್ ಕಡಿದು ತಂತ್ರಜ್ಞರನ್ನು ಕರೆಯಿರಿ. ಕೆಳಗೆ ಬರೆದಿರುವುದೆಲ್ಲ ಇವು ಯಾವುವೂ ಇಲ್ಲದಾಗ ಮಾತ್ರ.

ಕೋಡನ್ನು ಸರಿಯಾಗಿ ಓದಿಕೊಳ್ಳಿ

ಮೊದಲ ಹೆಜ್ಜೆ, ಪರದೆಯ ಫೋಟೊ ತೆಗೆಯುವುದು. ಗುಂಡಿ ಒತ್ತಿದ ಮೇಲೆ ಕೋಡ್ ಮಾಯವಾಗಬಹುದು. ಒಂದಾದ ಮೇಲೊಂದು ಎರಡು ಸಂಖ್ಯೆಗಳು ಸರದಿಯಲ್ಲಿ ಬರುವ ಮಾದರಿಗಳೂ ಇವೆ. ಹಾಗಾಗಿ ಹತ್ತು ಸೆಕೆಂಡಿನ ವಿಡಿಯೊ ಇನ್ನೂ ಒಳ್ಳೆಯದು. ಜೊತೆಗೆ ಆ ಹೊತ್ತಿನಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ: ಓವನ್ ಕಾಯಲು ಆರಂಭಿಸಿ ಎಷ್ಟು ಹೊತ್ತಾಗಿತ್ತು, ಒಲೆಯ ಮೇಲೆ ಏನಾದರೂ ಉಕ್ಕಿತ್ತೇ, ಪ್ಯಾನೆಲ್ ಒರೆಸಿದ್ದಿರಾ, ಹಿಂದಿನ ರಾತ್ರಿ ಕರೆಂಟ್ ಹೋಗಿ ಬಂದಿತ್ತೇ, ಸೆಲ್ಫ್ ಕ್ಲೀನ್ (ಅತಿ ಬಿಸಿಯಲ್ಲಿ ಓವನ್ ತನ್ನ ಕೊಳೆಯನ್ನು ತಾನೇ ಸುಡುವ ವಿಧಾನ) ನಡೆಸಿದ್ದಿರಾ. ಮುಂದೆ ತಂತ್ರಜ್ಞರು ಬಂದರೆ ಕೋಡಿಗಿಂತ ಈ ಚೀಟಿಯನ್ನೇ ಹೆಚ್ಚು ಆಸಕ್ತಿಯಿಂದ ಓದುತ್ತಾರೆ.

ಬಹಳಷ್ಟು ರೇಂಜ್‌ಗಳ ಪರದೆ ಏಳು ಗೆರೆಗಳಲ್ಲಿ ಒಂದೊಂದು ಅಕ್ಷರ ಮೂಡಿಸುವಂಥದ್ದು. ಕ್ಯಾಲ್ಕ್ಯುಲೇಟರ್‌ನಲ್ಲಿ ಕಾಣುವಂಥದ್ದೇ. ಏಳು ಗೆರೆಗಳಲ್ಲಿ ಇಂಗ್ಲಿಷಿನ ಎಂ, ಡಬ್ಲ್ಯು, ಎಕ್ಸ್ ಬರೆಯಲು ಬರುವುದಿಲ್ಲ; ಇ ಮತ್ತು ಎಫ್ ಚೆನ್ನಾಗಿ ಮೂಡುತ್ತವೆ. ಆದರೆ ಎಸ್ ಮತ್ತು 5 ಒಂದೇ ಆಕಾರ, ಸಣ್ಣ ಬಿ ಮತ್ತು 6 ಅವಳಿಗಳು, ಇ ಮತ್ತು ಎಫ್ ನಡುವೆ ಇರುವುದು ತಳದ ಒಂದೇ ಗೆರೆ. ಆ ಗೆರೆ ಮಂಕಾಗಿದ್ದರೆ ಇ ಕೂಡ ಎಫ್ ಆಗಿ ಕಾಣುತ್ತದೆ. ಸ್ಯಾಮ್‌ಸಂಗ್‌ನ ಹಲವು ರೇಂಜ್‌ಗಳಲ್ಲಿ ಎಸ್‌ಇ ಎಂದರೆ ಯಾವುದೋ ಗುಂಡಿ ಒತ್ತಿದಂತೆಯೇ ಸಿಕ್ಕಿಕೊಂಡಿದೆ ಎಂದು. ಅದನ್ನು 5ಇ ಎಂದು ಓದಿ ಹುಡುಕಾಡಿದವರು ಬಹಳ ಮಂದಿ.

ಇನ್ನು, ಪರದೆಯಲ್ಲಿ ಕಂಡದ್ದೆಲ್ಲ ದೋಷವೂ ಅಲ್ಲ. ಪಿಎಫ್ ಎಂದರೆ ಕರೆಂಟ್ ಹೋಗಿ ಬಂದಿದೆ, ಗಡಿಯಾರ ಸರಿಪಡಿಸಿ ಎಂದಷ್ಟೇ. ಎಲ್‌ಒಸಿ ಎಂದರೆ ಮಕ್ಕಳ ಕೈಗೆ ಸಿಗದಂತೆ ಪ್ಯಾನೆಲ್‌ಗೆ ಬೀಗ ಬಿದ್ದಿದೆ. ಲಾಕ್ ಗುರುತಿರುವ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ತೆರೆಯುತ್ತದೆ. ಗಾಜಿನ ಒಲೆಯ ಮೇಲಿನ ಎಚ್, ಮೇಲ್ಮೈ ಇನ್ನೂ ಸುಡುತ್ತಿದೆ ಎಂಬ ಎಚ್ಚರಿಕೆ. ಡೆಮೊ ಎಂದು ಬರೆದಿದ್ದರೆ ಅಂಗಡಿಯ ಪ್ರದರ್ಶನಕ್ಕಿರುವ ವಿಧಾನದಲ್ಲಿದೆ, ದೀಪಗಳು ಉರಿಯುತ್ತವೆ, ಬಿಸಿ ಮಾತ್ರ ಬರುವುದಿಲ್ಲ. ಈ ನಾಲ್ಕಕ್ಕೆ ಯಾರನ್ನೂ ಕರೆಯಬೇಕಾಗಿಲ್ಲ.

ನಿಜವಾದ ದೋಷದ ಕೋಡ್ ಆದರೆ ಅದನ್ನು ಮಾದರಿ ಸಂಖ್ಯೆಯೊಂದಿಗೇ ಹುಡುಕಬೇಕು. ಎಲ್ಲ ತಯಾರಕರಿಗೂ ಒಪ್ಪಿತವಾದ ಒಂದೇ ಭಾಷೆ ಇಲ್ಲ. ಜಿಇಯ ಅನೇಕ ಓವನ್‌ಗಳಲ್ಲಿ ಎಫ್3 ಎಂದರೆ ಉಷ್ಣತೆಯ ಸೆನ್ಸರಿನ ವಿದ್ಯುತ್ ಹರಿಯುವ ದಾರಿ ತುಂಡಾಗಿದೆ ಎಂದು. ಎಲ್‌ಜಿಯಲ್ಲಿ ಅದೇ ಎಫ್3 ಗುಂಡಿಯೊಂದು ಅಂಟಿಕೊಂಡಿದೆ ಎಂದು. ಜಿಇಯಲ್ಲಿ ಎಫ್2 ಅತಿ ಬಿಸಿಯ ಕೂಗು, ವರ್ಲ್‌ಪೂಲ್‌ನಲ್ಲಿ ಎಫ್2ರಿಂದ ಆರಂಭವಾಗುವುದೆಲ್ಲ ಕೀಪ್ಯಾಡಿನ ಗೊಣಗಾಟ. ಒಂದರಲ್ಲಿ ಬ್ರೇಕರ್ ಇಳಿಸಲು ಓಡಬೇಕು, ಇನ್ನೊಂದರಲ್ಲಿ ಒಣಬಟ್ಟೆ ಹುಡುಕಬೇಕು! ವರ್ಲ್‌ಪೂಲ್‌ನ ಹೊಸ ರೇಂಜ್‌ಗಳು ಎರಡು ಭಾಗಗಳ ಕೋಡ್ ಕೊಡುತ್ತವೆ: ಎಫ್ ಸಂಖ್ಯೆ ಯಾವ ವಿಭಾಗವೆಂದು ಹೇಳಿದರೆ ಇ ಸಂಖ್ಯೆ ಅಲ್ಲಿ ಏನಾಗಿದೆ ಎಂದು ಹೇಳುತ್ತದೆ. ಎಫ್3 ಇ0 ಎಂದರೆ ಸೆನ್ಸರಿನ ದಾರಿ ತುಂಡು, ಎಫ್5 ಎಂದರೆ ಬಾಗಿಲಿನ ಬೀಗ. ಫ್ರಿಜಿಡೇರ್‌ನಲ್ಲಿ ಎಫ್10 ಹತೋಟಿ ಮೀರಿದ ಬಿಸಿ, ಎಫ್11 ಅಂಟಿದ ಗುಂಡಿ, ಎಫ್30 ಸೆನ್ಸರಿನ ದಾರಿ ತುಂಡು, ಎಫ್31 ಅದೇ ದಾರಿ ಶಾರ್ಟ್.

ಮಾದರಿ ಸಂಖ್ಯೆಯ ಫಲಕ ಸಾಮಾನ್ಯವಾಗಿ ಓವನ್ ಬಾಗಿಲು ತೆರೆದಾಗ ಕಾಣುವ ಚೌಕಟ್ಟಿನ ಮೇಲೋ, ಕೆಳಗಿನ ಡ್ರಾಯರ್ ಎಳೆದಾಗ ಅದರ ಹಿಂದೆಯೋ ಇರುತ್ತದೆ. ಡ್ರಾಯರನ್ನು ಪೂರ್ತಿ ಹೊರತೆಗೆದರೆ ಇನ್ನೊಂದು ನಿಧಿಯೂ ಸಿಗುವ ಸಂಭವವಿದೆ: ಮಡಚಿ ಪ್ಲಾಸ್ಟಿಕ್ ಚೀಲದಲ್ಲಿಟ್ಟ ತಂತ್ರಜ್ಞರ ಹಾಳೆ. ಆ ಮಾದರಿಯ ಎಲ್ಲ ಕೋಡ್‌ಗಳು, ತಂತಿಗಳ ನಕ್ಷೆ, ಯಾವ ಭಾಗದಲ್ಲಿ ಎಷ್ಟು ಓಮ್ ಇರಬೇಕೆಂಬ ಪಟ್ಟಿ ಅದರಲ್ಲಿರುತ್ತದೆ. ಕೆಲವದರಲ್ಲಿ ಇದು ಮೇಲಿನ ಪ್ಯಾನೆಲ್‌ನ ಒಳಗೆ ಅಡಗಿರುತ್ತದೆ. ಸಿಕ್ಕಿದರೆ ಫೋಟೊ ತೆಗೆದುಕೊಂಡು ಇದ್ದಲ್ಲಿಯೇ ಇಡಿ. ಮುಂದಿನವರಿಗೂ ಬೇಕಾಗುತ್ತದೆ.

ಬ್ರೇಕರ್ ಇಳಿಸಿ, ಐದು ನಿಮಿಷ ಕಾಯಿರಿ

ಎರಡನೆಯ ಹೆಜ್ಜೆ, ರೀಸೆಟ್. ಪರದೆಯ ಆಫ್ ಗುಂಡಿ ಒತ್ತುವುದು ರೀಸೆಟ್ ಅಲ್ಲ. ರೇಂಜ್‌ಗೆ ಮೀಸಲಾದ ಬ್ರೇಕರನ್ನು ಪೂರ್ತಿ ಆಫ್ ಕಡೆಗೆ ಒತ್ತಿ, ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಬೋರ್ಡ್‌ನ ಕೆಪಾಸಿಟರ್‌ಗಳಲ್ಲಿ ಉಳಿದ ವಿದ್ಯುತ್ ಇಳಿದು ಹೋಗಲು ಇಷ್ಟು ಹೊತ್ತು ಬೇಕು. ಗ್ಯಾಸ್ ರೇಂಜ್ ಆದರೆ ಪ್ಲಗ್ ಕೈಗೆ ಸಿಗುವಂತಿದ್ದಾಗ ಅದನ್ನೇ ಕೀಳಬಹುದು.

ವಿದ್ಯುತ್ ಮರಳಿ ಕೊಡುವಾಗ ರೇಂಜ್‌ನ ಎದುರು ಒಬ್ಬರು ನಿಂತಿರಲಿ. ಯಾವ ಗುಂಡಿಯನ್ನೂ ಒತ್ತದೆ ಓವನ್ ತಾನಾಗಿಯೇ ಬಿಸಿಯಾಗತೊಡಗಿದರೆ ಅದು ಮೇಲೆ ಹೇಳಿದ ಅಂಟಿದ ರಿಲೇ. ಬ್ರೇಕರ್ ಇಳಿಸಿ, ದುರಸ್ತಿಯಾಗುವ ತನಕ ಹಾಗೆಯೇ ಬಿಡಿ. ಕೋಡ್ ತಕ್ಷಣವೇ ಮರಳಿದರೆ ದೋಷ ಗಟ್ಟಿಯಾಗಿದೆ: ತುಂಡಾದ ತಂತಿ, ಅಂಟಿದ ಗುಂಡಿ, ಸತ್ತ ಬೋರ್ಡ್ ಇಂಥದ್ದು. ಓವನ್ ಕಾದ ಮೇಲೆ ಮರಳಿದರೆ ಬಿಸಿಗೆ ಹಿಗ್ಗಿ ಬಿಡಿಸಿಕೊಳ್ಳುವ ಕನೆಕ್ಟರಿನ ಮೇಲೆ ಅನುಮಾನ ಇಡಬೇಕು. ವಾರಗಟ್ಟಲೆ ಬಾರದಿದ್ದರೆ ಆ ದಿನದ ವಿದ್ಯುತ್ತಿನ ಏರುಪೇರಿಗೆ ಬೋರ್ಡ್ ಬೆಚ್ಚಿತ್ತು ಅಷ್ಟೇ. ಇದೊಂದು ಪರೀಕ್ಷೆಯೇ ಅರ್ಧ ದಾರಿ ಸವೆಸುತ್ತದೆ. ಆದರೆ ದಿನಕ್ಕೆರಡು ಬಾರಿ ರೀಸೆಟ್ ಮಾಡಿಕೊಂಡು ಅಡುಗೆ ಮಾಡುವುದನ್ನು ಪರಿಹಾರವೆಂದು ಕರೆಯಬೇಡಿ.

ಇಲ್ಲಿಯೇ ಒಂದು ಮಾತು. ಎರಡು ಲೈವ್ ತಂತಿಗಳಲ್ಲಿ ವಿದ್ಯುತ್ ಪಡೆಯುವ ರೇಂಜ್‌ಗಳಲ್ಲಿ ಒಂದು ಲೈವ್ ಮಾತ್ರ ಕೈಕೊಟ್ಟರೆ ಗಡಿಯಾರ, ದೀಪ ಎಲ್ಲ ಸರಿಯಾಗಿಯೇ ಉರಿಯಬಹುದು, ಓವನ್ ಮಾತ್ರ ಕಾಯುವುದಿಲ್ಲ. ಬೋರ್ಡ್ ಇದನ್ನು ‘ಬಿಸಿಯಾಗುತ್ತಿಲ್ಲ’ ಎಂದು ದೂರುತ್ತದೆ. ಕಾಯಿಲ್ ಬದಲಿಸುವ ಮುನ್ನ ಬ್ರೇಕರನ್ನು ಪೂರ್ತಿ ಇಳಿಸಿ ಏರಿಸಿ ನೋಡುವುದಕ್ಕೆ ಇನ್ನೊಂದು ಕಾರಣ ಇದು.

ಕೀಪ್ಯಾಡ್: ಒದ್ದೆ ಬಟ್ಟೆಯ ಪಾಪ

ಗುಂಡಿ ಅಂಟಿದೆ ಎನ್ನುವ ಕೋಡಿಗೆ ಕಾರಣ ಬಹಳ ಸಲ ನಾವೇ. ಪ್ಯಾನೆಲ್ ಮೇಲೆ ನೇರವಾಗಿ ದ್ರವ ಸಿಂಪಡಿಸಿ ಒರೆಸಿದಾಗ, ಕುದಿಯುವ ಪಾತ್ರೆಯ ಹಬೆ ದಿನವೂ ಅದರ ಮೇಲೆ ಬಡಿದಾಗ ಅಂಚುಗಳಿಂದ ತೇವ ಒಳಗಿಳಿಯುತ್ತದೆ. ಪ್ಲಾಸ್ಟಿಕ್ ಪೊರೆಯ ಒಳಗಿನ ಎರಡು ತೆಳು ವಾಹಕ ಪದರಗಳು ತೇವದಿಂದ ಸೇರಿಕೊಂಡರೆ, ಯಾರೋ ಗುಂಡಿಯ ಮೇಲೆ ಬೆರಳಿಟ್ಟು ತೆಗೆಯುತ್ತಲೇ ಇಲ್ಲ ಎಂದು ಬೋರ್ಡ್ ಭಾವಿಸುತ್ತದೆ.

ಬ್ರೇಕರ್ ಇಳಿಸಿ, ಒಣ ಬಟ್ಟೆಯಿಂದ ಒರೆಸಿ, ಒಂದು ಇಡೀ ದಿನ ಹಾಗೆಯೇ ಒಣಗಲು ಬಿಡಿ. ಫ್ಯಾನ್ ಗಾಳಿ ಬಿಡಬಹುದು, ಕೂದಲು ಒಣಗಿಸುವ ಯಂತ್ರದ ಬಿಸಿ ಗಾಳಿ ಬೇಡ; ಪೊರೆ ಮುದುಡುತ್ತದೆ. ಮರುದಿನ ಪ್ರತಿ ಗುಂಡಿಯನ್ನೂ ಒಂದೊಂದಾಗಿ ಒತ್ತಿ ನೋಡಿ. ಒಂದು ಗುಂಡಿ ಮಾತ್ರ ಮಾತಾಡದಿದ್ದರೆ ಅದೇ ಅಪರಾಧಿ. ಒಣಗಿದ ಮೇಲೂ ಕೋಡ್ ಮರಳಿದರೆ, ಪ್ಯಾನೆಲ್ ಬಿಚ್ಚಿ ಕೀಪ್ಯಾಡಿನ ಪಟ್ಟಿ ಕೇಬಲ್ಲನ್ನು ಪರೀಕ್ಷಿಸಬೇಕಾಗುತ್ತದೆ. ಅದು ಬೋರ್ಡ್‌ನ ಮಗ್ಗುಲಿನ ಕೆಲಸ, ತಂತ್ರಜ್ಞರಿಗೆ ಬಿಡುವುದು ಒಳ್ಳೆಯದು. ಮುಂದೆ ಒರೆಸುವಾಗ ದ್ರವವನ್ನು ಬಟ್ಟೆಗೆ ಹಾಕಿಕೊಳ್ಳಿ, ಪ್ಯಾನೆಲ್‌ಗೆ ಅಲ್ಲ.

ಸೆನ್ಸರ್: ಮಲ್ಟಿಮೀಟರ್ ಇದ್ದವರಿಗೆ

ನನಗೆ ಬಹಳ ಇಷ್ಟವಾದ ಪರೀಕ್ಷೆ ಇದು, ಏಕೆಂದರೆ ಇಲ್ಲಿ ಊಹೆಗೆ ಜಾಗವೇ ಇಲ್ಲ. ಓವನ್ನಿನ ಒಳಗೆ, ಹಿಂದಿನ ಗೋಡೆಯ ಮೇಲ್ಭಾಗದಲ್ಲಿ ಪೆನ್ಸಿಲಿಗಿಂತ ತೆಳುವಾದ ಲೋಹದ ಕಡ್ಡಿಯೊಂದು ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದೇ ಸೆನ್ಸರ್. ಅದರ ತುದಿಯಲ್ಲಿ ಬಿಸಿಯೇರಿದಂತೆ ರೋಧವೂ ಏರುವ ಪ್ಲಾಟಿನಂ ಅಂಶವಿರುತ್ತದೆ. ಅನೇಕ ರೇಂಜ್‌ಗಳಲ್ಲಿ ಬಳಸುವ ಬಗೆಗೆ ಪಿಟಿ1000 ಎಂದು ಹೆಸರು: ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಸರಿಯಾಗಿ 1000 ಓಮ್. ಅಲ್ಲಿಂದ ಡಿಗ್ರಿಗೆ ಹೆಚ್ಚುಕಡಿಮೆ 3.85 ಓಮ್‌ನಂತೆ ಏರುತ್ತದೆ. 25 ಡಿಗ್ರಿಯ ಅಡುಗೆಮನೆಯಲ್ಲಿ ಸುಮಾರು 1097, 100 ಡಿಗ್ರಿಯಲ್ಲಿ 1385, 200 ಡಿಗ್ರಿಯಲ್ಲಿ 1758 ಓಮ್ ಇರಬೇಕು. ನಿಮ್ಮ ಮಾದರಿಯಲ್ಲಿ ಬೇರೆ ಬಗೆಯ ಸೆನ್ಸರ್ ಇರಬಹುದು, ತಂತ್ರಜ್ಞರ ಹಾಳೆಯನ್ನು ನೋಡಿ ಖಚಿತಪಡಿಸಿಕೊಳ್ಳಿ.

ಈಗ ಕೋಡ್ ಹೇಗೆ ಹುಟ್ಟುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ದಾರಿ ತುಂಡಾದರೆ ರೋಧ ಅನಂತ. ಬೋರ್ಡ್‌ನ ಲೆಕ್ಕದಲ್ಲಿ ಓವನ್ ಎಲ್ಲ ಮಿತಿ ಮೀರಿ ಕಾದಂತೆ. ಎರಡು ತಂತಿಗಳು ಒಂದಕ್ಕೊಂದು ತಗುಲಿದರೆ ರೋಧ ಸೊನ್ನೆ. ಓವನ್ ಹಿಮಕ್ಕಿಂತಲೂ ತಣ್ಣಗಿದ್ದಂತೆ. ಎರಡೂ ಅಸಂಭವವಾದ್ದರಿಂದ ಬೋರ್ಡ್ ಬಿಸಿ ಮಾಡುವುದನ್ನೇ ನಿಲ್ಲಿಸುತ್ತದೆ.

ಪರೀಕ್ಷೆ ಹೀಗೆ. ಓವನ್ ಪೂರ್ತಿ ತಣ್ಣಗಾಗಲಿ. ಬ್ರೇಕರ್ ಇಳಿಸಿ. ಪರದೆ ಆರಿದೆಯೇ ನೋಡಿ, ವಿದ್ಯುತ್ ಒಲೆಯಾದರೆ ಬರ್ನರ್ ಹಾಕಿ ಬಿಸಿಯಾಗುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಆರಿದ ಪರದೆಯೊಂದನ್ನೇ ನಂಬಬೇಡಿ. ಬೇರೆ ಯಾವುದೋ ಬ್ರೇಕರ್ ಇಳಿಸಿ ಇದೇ ಎಂದುಕೊಂಡವರಿದ್ದಾರೆ. ಮನೆಯಲ್ಲಿ ಇತರರಿದ್ದರೆ ಬ್ರೇಕರ್ ಮೇಲೆ ಚೀಟಿ ಅಂಟಿಸಿ. ಕೈಗವಸು ಹಾಕಿಕೊಳ್ಳಿ, ಓವನ್ನಿನ ತಗಡಿನ ಅಂಚುಗಳು ಬ್ಲೇಡಿನಂತಿರುತ್ತವೆ.

ಸೆನ್ಸರನ್ನು ಹಿಡಿದಿರುವ ಎರಡು ಸ್ಕ್ರೂ ಬಿಚ್ಚಿ, ಕಡ್ಡಿಯನ್ನು ಮೆಲ್ಲಗೆ ಮುಂದಕ್ಕೆ ಎಳೆಯಿರಿ. ತಂತಿಯ ಹಿಂದೆ ಕನೆಕ್ಟರ್ ರಂಧ್ರದ ಮೂಲಕ ಹೊರಬರುತ್ತದೆ. ಬಾರದೆ ತಡೆದರೆ ಎಳೆದಾಡಬೇಡಿ, ಆ ಮಾದರಿಯಲ್ಲಿ ಹಿಂಬದಿಯ ತಗಡು ಬಿಚ್ಚಿಯೇ ಮುಟ್ಟಬೇಕು. ಹೊರಬಂದರೆ, ಬೇರ್ಪಡಿಸುವ ಮುನ್ನ ಗೋಡೆಯ ಕಡೆಯ ತಂತಿಗೊಂದು ಬಟ್ಟೆಯ ಕ್ಲಿಪ್ ಹಾಕಿ. ಇಲ್ಲದಿದ್ದರೆ ಅದು ರಂಧ್ರದೊಳಗೆ ಸರಕ್ಕನೆ ಹಿಂದೆ ಜಾರಿ, ಇಡೀ ರೇಂಜನ್ನು ಎಳೆಯುವ ಕೆಲಸ ತಂದಿಡುತ್ತದೆ. ಈ ಪಾಠಕ್ಕೆ ನನ್ನ ಒಂದು ಭಾನುವಾರ ಹೋಗಿದೆ.

ಕನೆಕ್ಟರನ್ನು ಕಣ್ಣಿನಿಂದ ನೋಡಿ: ಕಪ್ಪು, ಹಸಿರು ಕಿಲುಬು, ಕರಗಿದ ಪ್ಲಾಸ್ಟಿಕ್. ನಂತರ ಮೀಟರನ್ನು ಓಮ್ ಅಳತೆಗೆ ತಿರುಗಿಸಿ ಸೆನ್ಸರಿನ ಕಡೆಯ ಕನೆಕ್ಟರಿನಲ್ಲಿರುವ ಎರಡು ಲೋಹದ ತುದಿಗಳಿಗೆ ಮೀಟರಿನ ಕಡ್ಡಿಗಳನ್ನು ಹಿಡಿಯಿರಿ. ಯಾವುದು ಯಾವ ಕಡೆ ಎಂಬ ಲೆಕ್ಕವಿಲ್ಲ. 1080ರಿಂದ 1110ರ ಆಸುಪಾಸು ಬಂದರೆ ಕೋಣೆಯ ಉಷ್ಣತೆಗೆ ಅದು ಸರಿ. ಓದುತ್ತಿರುವಾಗಲೇ ತಂತಿಗಳನ್ನು ಮೆಲ್ಲಗೆ ಅಲುಗಾಡಿಸಿ. ಅಂಕಿ ಕುಣಿದರೆ ಒಳಗೆಲ್ಲೋ ತಂತಿ ಮುರಿದಿದೆ. ಆಮೇಲೆ ಒಂದೊಂದು ತುದಿಯಿಂದ ಲೋಹದ ಕಡ್ಡಿಯ ಮೈಗೆ ಅಳೆಯಿರಿ. ಅಲ್ಲಿ ಸಂಪರ್ಕವೇ ಇರಬಾರದು.

ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದಾಗ ಕೈಕೊಡುವ ಸೆನ್ಸರುಗಳೂ ಇವೆ. ಅದಕ್ಕೆ ಸುಲಭದ ಉಪಾಯ: ಬಿಚ್ಚಿದ ಸೆನ್ಸರಿನ ಕಡ್ಡಿಯ ತುದಿಯನ್ನಷ್ಟೇ ಆಗ ತಾನೇ ಕುದಿಸಿದ ನೀರಿನ ಲೋಟದಲ್ಲಿ ಅದ್ದಿ, ಕನೆಕ್ಟರ್ ಒಣಗಿರಲಿ. ಮೀಟರ್ ಒಂದೆರಡು ನಿಮಿಷದಲ್ಲಿ ನಿಧಾನವಾಗಿ, ನಡುವೆ ಎಲ್ಲೂ ಜಿಗಿಯದೆ 1350–1385ರ ನಡುವೆ ಬಂದು ನಿಂತರೆ ಆ ಸೆನ್ಸರನ್ನು ದೂರಲು ಕಾರಣವಿಲ್ಲ. ಕೋಡ್ ಮಾತ್ರ ಮರಳುತ್ತಿದ್ದರೆ ಕನೆಕ್ಟರ್, ತಂತಿ, ಬೋರ್ಡ್ ಈ ಕ್ರಮದಲ್ಲಿ ಅನುಮಾನಿಸಿ.

ಕೋಡೇ ಬಾರದೆ ಅಡುಗೆ ಕೆಡುವ ಸಂದರ್ಭವನ್ನೂ ಇದೇ ಲೆಕ್ಕ ವಿವರಿಸುತ್ತದೆ. ಕಿಲುಬು ಹಿಡಿದ ಕನೆಕ್ಟರ್ ದಾರಿಗೆ 40 ಓಮ್ ಸೇರಿಸಿತೆನ್ನಿ. ಬೋರ್ಡ್‌ಗೆ ಓವನ್ ನಿಜಕ್ಕಿಂತ ಹತ್ತು ಡಿಗ್ರಿ ಹೆಚ್ಚು ಬಿಸಿಯಾಗಿ ಕಾಣುತ್ತದೆ, ಹತ್ತು ಡಿಗ್ರಿ ಮೊದಲೇ ಬಿಸಿ ನಿಲ್ಲಿಸುತ್ತದೆ. ಮಿತಿಯೊಳಗೇ ಇರುವುದರಿಂದ ದೂರಿಲ್ಲ, ಬೇಯುವುದು ಮಾತ್ರ ತಡ. ಕೆಲವು ತಿಂಗಳು ಹೀಗೆ ನಡೆದು ಒಂದು ದಿನ ಕೋಡ್ ಬಂದರೆ, ಅದಕ್ಕೆ ಮುಂಚಿನ ಬೇಯದ ಅಡುಗೆಯೂ ಇದೇ ರೋಗದ ಲಕ್ಷಣವಾಗಿತ್ತು.

ಕನೆಕ್ಟರ್ ಸುಟ್ಟಿದ್ದರೆ ಮನೆಯ ಸಾಮಾನ್ಯ ಟೇಪು, ತಂತಿಯ ತುದಿಗಳನ್ನು ಸೇರಿಸುವ ಪ್ಲಾಸ್ಟಿಕ್ ಟೋಪಿಗಳಿಂದ ಜೋಡಿಸಬೇಡಿ, ಕರಗುತ್ತವೆ. ಹೆಚ್ಚಿನ ಬಿಸಿ ತಾಳುವ ಸೆರಾಮಿಕ್ ಟೋಪಿಗಳು, ಅದಕ್ಕೆ ತಕ್ಕ ಹೊದಿಕೆಯ ತಂತಿಯೇ ಬೇಕು.

ಬಾಗಿಲಿನ ಬೀಗ, ಸೆಲ್ಫ್ ಕ್ಲೀನ್

ಸೆಲ್ಫ್ ಕ್ಲೀನ್‌ನಲ್ಲಿ ಓವನ್ 480 ಡಿಗ್ರಿ ಸೆಲ್ಸಿಯಸ್‌ನ ಹತ್ತಿರಕ್ಕೆ ಹೋಗುತ್ತದೆ. ಸಾಮಾನ್ಯ ಬೇಕಿಂಗ್‌ನ ದುಪ್ಪಟ್ಟಿಗೂ ಮೀರಿದ ಈ ಬಿಸಿಯಲ್ಲಿ ಕೊಳೆಯ ಜೊತೆಗೆ ದುರ್ಬಲವಾದ ಕನೆಕ್ಟರ್, ಬೀಗದ ಮೋಟಾರು, ಅತಿ ಬಿಸಿಯಾದರೆ ವಿದ್ಯುತ್ ಕಡಿಯುವ ಥರ್ಮಲ್ ಫ್ಯೂಸ್‌ಗಳೂ ಸೋಲುತ್ತವೆ. ಕೋಡ್‌ಗಳು ಸೆಲ್ಫ್ ಕ್ಲೀನ್‌ನ ಮರುದಿನವೇ ಹೆಚ್ಚಾಗಿ ಕಾಣಿಸಿಕೊಳ್ಳುವುದು ಇದಕ್ಕೇ. ನೆಂಟರು ಬರುವ ಹಿಂದಿನ ದಿನ ಸೆಲ್ಫ್ ಕ್ಲೀನ್ ನಡೆಸುವುದು ಜಾಣತನವಲ್ಲ. ಸಾಕುಹಕ್ಕಿಗಳಿದ್ದರೆ ಆ ಹೊತ್ತಿನಲ್ಲಿ ಅವುಗಳನ್ನು ಬೇರೆ, ಚೆನ್ನಾಗಿ ಗಾಳಿಯಾಡುವ ಕಡೆ ಇಡಿ. ಈ ಹೊಗೆಗೆ ಅವು ಸಾಯಬಲ್ಲವು.

ಬೀಗದ ಕೋಡ್ ಬಂದು ಬಾಗಿಲು ತೆರೆಯದಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಮೊದಲು ಪೂರ್ತಿ ತಣ್ಣಗಾಗಲಿ. ಬಿಸಿ ಇರುವಷ್ಟು ಹೊತ್ತು ಬೋರ್ಡ್ ಬೇಕೆಂದೇ ಬೀಗ ಹಿಡಿದಿರುತ್ತದೆ. ಆಮೇಲೆ ಬ್ರೇಕರ್ ಇಳಿಸಿ ಹತ್ತು ನಿಮಿಷ ಬಿಟ್ಟು ಹಾಕಿ, ಬೀಗದ ಮೋಟಾರು ತಿರುಗುವ ಸದ್ದು ಕೇಳುತ್ತದೆಯೇ ಗಮನಿಸಿ. ಆಗ ಬಾಗಿಲನ್ನು ಒಳಮುಖವಾಗಿ ಮೆಲ್ಲಗೆ ಒತ್ತಿ ಹಿಡಿದರೆ ಕೊಂಡಿಯ ಬಿಗಿತ ಸಡಿಲಾಗುತ್ತದೆ. ಇಷ್ಟಕ್ಕೂ ಬಾರದಿದ್ದರೆ ಮೇಲಿನ ಹೊದಿಕೆ ಬಿಚ್ಚಿ ಕೊಂಡಿಯನ್ನು ತಲುಪಬೇಕು. ಥರ್ಮಲ್ ಫ್ಯೂಸ್ ಹೋಗಿದ್ದರೆ ಅದನ್ನು ತಂತಿಯ ತುಂಡಿನಿಂದ ‘ಜಂಪ್’ ಮಾಡುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ.

ಇಂಡಕ್ಷನ್ ಒಲೆಗಳ ಗೊಣಗಾಟ

ಇಂಡಕ್ಷನ್ ಒಲೆಯ ಹೆಚ್ಚಿನ ಸಂಕೇತಗಳು ದೋಷಕ್ಕಿಂತ ಕಿರಿಕಿರಿ. ಪಾತ್ರೆಯ ಚಿತ್ರ ಮಿನುಗಿದರೆ ಪಾತ್ರೆ ಒಲೆಗೆ ಕಾಣುತ್ತಿಲ್ಲ ಎಂದರ್ಥ. ತಳಕ್ಕೆ ಅಯಸ್ಕಾಂತ ಅಂಟದ ಪಾತ್ರೆಯಾದರೆ ತಪ್ಪು ಒಲೆಯದಲ್ಲ. ಹಲವು ತಯಾರಕರು ಸಮಾನವಾಗಿ ಬಳಸುವ ಕೆಲವು ನಿಯಂತ್ರಕಗಳಲ್ಲಿ ಇಆರ್03 ಎಂದರೆ ಗುಂಡಿಗಳ ಮೇಲೆ ನೀರೋ ಬಟ್ಟೆಯೋ ಪಾತ್ರೆಯೋ ಕುಳಿತಿದೆ ಎಂದು, ಇ2 ಎಂದರೆ ಒಳಗೆ ಕಾದಿದೆ ಎಂದು. ಕಾದಿದ್ದರೆ ಕೆಳಗಿನ ಗಾಳಿಯ ಕಿಂಡಿಗಳಿಗೆ ಡ್ರಾಯರಿನ ಸಾಮಾನು ಅಡ್ಡವಾಗಿದೆಯೇ, ಫ್ಯಾನ್ ತಿರುಗುತ್ತಿದೆಯೇ ನೋಡಿ. ಹೊಸದಾಗಿ ಕೂರಿಸಿದ ದಿನವೇ ಯು400 ಬಂದರೆ ತಂತಿ ಜೋಡಣೆ ತಪ್ಪಿದೆ, ಕೂಡಲೇ ವಿದ್ಯುತ್ ಕಡಿದು ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ.

ಗಾಜನ್ನು ಎತ್ತಿ ಒಳಗೆ ಕೈ ಹಾಕುವ ಸಾಹಸ ಮಾತ್ರ ಬೇಡ. ಒಳಗಿನ ದೊಡ್ಡ ಕೆಪಾಸಿಟರ್‌ಗಳು ವಿದ್ಯುತ್ ಕಡಿದ ಮೇಲೂ ಹೊಡೆಯುವಷ್ಟು ಚಾರ್ಜ್ ಹಿಡಿದಿಟ್ಟುಕೊಂಡಿರಬಲ್ಲವು.

ಗ್ಯಾಸ್ ಓವನ್ ಹೊತ್ತಿಕೊಳ್ಳದಿದ್ದಾಗ

ಬಿಸಿ ಕಡ್ಡಿಯಿಂದ ಹೊತ್ತುವ ಗ್ಯಾಸ್ ಓವನ್‌ಗಳಲ್ಲಿ ಒಂದು ಮೋಸವಿದೆ. ಆ ಕಡ್ಡಿ, ಅಂದರೆ ಇಗ್ನೈಟರ್, ಕೆಂಪಗೆ ಕಾಯುವುದು ಕಾಣುತ್ತದೆ, ಆದರೂ ಗ್ಯಾಸ್ ಬರುವುದಿಲ್ಲ, ಕೊನೆಗೆ ‘ಬಿಸಿಯಾಗುತ್ತಿಲ್ಲ’ ಎಂಬ ಕೋಡ್ ಬರುತ್ತದೆ. ಗ್ಯಾಸ್ ಕವಾಟ ಇದೇ ಇಗ್ನೈಟರಿನ ಮೂಲಕ ಹರಿಯುವ ವಿದ್ಯುತ್ತಿನಿಂದ ತೆರೆಯುವಂಥದ್ದು. ಹಳತಾದ ಇಗ್ನೈಟರ್ ಹೊಳೆಯುವಷ್ಟು ವಿದ್ಯುತ್ ಎಳೆದರೂ ಕವಾಟ ತೆರೆಯುವಷ್ಟು ಎಳೆಯುವುದಿಲ್ಲ. ಒಂದೂವರೆ ನಿಮಿಷ ಕಳೆದರೂ ಉರಿ ಬಾರದಿದ್ದರೆ ಹೆಚ್ಚಾಗಿ ಇದೇ. ಇಗ್ನೈಟರ್ ಬದಲಿಸುವುದನ್ನು, ಗ್ಯಾಸ್ ಜೋಡಣೆಗಳನ್ನು ಮುಟ್ಟುವುದನ್ನು ಪರವಾನಗಿ ಇರುವವರಿಗೆ ಬಿಡಿ. ಮೇಲಿನ ಬರ್ನರ್‌ಗಳು ಟಕಟಕ ಎನ್ನುತ್ತಲೇ ಇದ್ದರೆ ಮಾತ್ರ ಅದು ಉಕ್ಕಿದ ನೀರಿನ ಕೆಲಸ: ಆರಿದ ಮೇಲೆ ಟೋಪಿ ತೆಗೆದು, ಒಣಗಿಸಿ, ನೆಟ್ಟಗೆ ಕೂರಿಸಿದರೆ ನಿಲ್ಲುತ್ತದೆ.

ಉರಿ ನೀಲಿಯಾಗಿರದೆ ಹಳದಿಯಾಗಿದ್ದು ಪಾತ್ರೆಯ ತಳ ಮಸಿಯಾಗುತ್ತಿದ್ದರೆ ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತಿರಬಹುದು. ಇದಕ್ಕೆ ಯಾವ ಕೋಡೂ ಬರುವುದಿಲ್ಲ. ಬಳಕೆ ನಿಲ್ಲಿಸಿ.

ತಂತ್ರಜ್ಞರಿಗೆ ಏನು ಹೇಳಬೇಕು

‘ಓವನ್ ಕೆಟ್ಟಿದೆ’ ಎನ್ನುವ ಬದಲು ಹೀಗೆ ಹೇಳಿ: ಮಾದರಿ ಸಂಖ್ಯೆ ಇಂಥದ್ದು, 180 ಡಿಗ್ರಿಗೆ ಇಟ್ಟು ಹನ್ನೆರಡು ನಿಮಿಷದ ಮೇಲೆ ಕೋಡ್ ಬಂತು, ಬ್ರೇಕರ್ ಇಳಿಸಿ ಹಾಕಿದರೆ ಹೋಗುತ್ತದೆ, ಬಿಸಿಯಾದ ಮೇಲೆ ಮರಳುತ್ತದೆ, ಸೆನ್ಸರ್ ತಣ್ಣಗಿದ್ದಾಗ 1095 ಓಮ್ ಇದೆ. ಇಷ್ಟು ಕೇಳಿದವರು ಸರಿಯಾದ ಭಾಗವನ್ನು ಜೊತೆಗೇ ತರಬಲ್ಲರು. ‘ಬೋರ್ಡೇ ಹೋಗಿದೆ’ ಎಂದು ಅವರು ಹೇಳಿದರೆ, ಕನೆಕ್ಟರ್ ಮತ್ತು ತಂತಿ ನೋಡಿದಿರಾ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಬೋರ್ಡ್ ಸಾಮಾನ್ಯವಾಗಿ ರೇಂಜ್‌ನ ದುಬಾರಿ ಭಾಗಗಳಲ್ಲೊಂದು, ಅದು ಅನುಮಾನದ ಪಟ್ಟಿಯ ಕೊನೆಯಲ್ಲಿರಬೇಕು. ವಾರಂಟಿ ಉಳಿದಿದ್ದರೆ ನೀವೇ ಒಂದು ಸ್ಕ್ರೂ ಬಿಚ್ಚುವ ಮುನ್ನ ಅದರ ಷರತ್ತುಗಳನ್ನು ಓದಿಕೊಳ್ಳಿ.

ದುರಸ್ತಿಯಾದ ಮೇಲೆ ಓವನ್ನಿನ ನಡುವೆ ಓವನ್ ಥರ್ಮಾಮೀಟರ್ ಇಟ್ಟು 180 ಡಿಗ್ರಿಗೆ ಅರ್ಧ ಗಂಟೆ ಓಡಿಸಿ, ಆ ಹೊತ್ತು ಅಡುಗೆಮನೆಯಲ್ಲೇ ಇರಿ. ಅಂಕಿ ಮೇಲೆ ಕೆಳಗೆ ಹದಿನೈದು ಡಿಗ್ರಿ ತೂಗಾಡುವುದು ಸಹಜ, ಒಂದೇ ಸಮನೆ ಏರುವುದು ಸಹಜವಲ್ಲ. ರೇಂಜನ್ನು ಗೋಡೆಯಿಂದ ಎಳೆದಿದ್ದರೆ ಹಿಂದಕ್ಕೆ ತಳ್ಳುವಾಗ ಗ್ಯಾಸ್ ಕೊಳವೆ ಮಡಚದಂತೆ, ವಿದ್ಯುತ್ ತಂತಿ ಕಾಲಡಿ ಸಿಕ್ಕದಂತೆ ನೋಡಿಕೊಳ್ಳಿ. ನೆಲಕ್ಕೋ ಗೋಡೆಗೋ ಬಿಗಿದ ಕೊಂಡಿಯೊಂದು ರೇಂಜ್‌ನ ಹಿಂಗಾಲನ್ನು ಹಿಡಿಯಬೇಕು. ಅದು ಹಿಡಿಯದಿದ್ದರೆ, ತೆರೆದ ಬಾಗಿಲಿನ ಮೇಲೆ ಮಗುವೊಂದು ಕಾಲಿಟ್ಟರೆ ಸಾಕು, ಇಡೀ ರೇಂಜ್ ಕುದಿಯುವ ಪಾತ್ರೆಗಳ ಸಮೇತ ಮುಂದಕ್ಕೆ ಮಗುಚುತ್ತದೆ. ಹಿಂಭಾಗವನ್ನು ಹಿಡಿದು ಮೆಲ್ಲಗೆ ಮುಂದಕ್ಕೆ ವಾಲಿಸಿ ನೋಡಿ: ಹಿಂಗಾಲು ಒಂದೆರಡು ಬೆರಳಿನಷ್ಟು ಎದ್ದು ಅಲ್ಲಿಗೇ ತಡೆದು ನಿಂತರೆ ಕೊಂಡಿ ಸರಿಯಾಗಿ ಕೂತಿದೆ.